ತೋಳಿನ ಮೇಲಿನ ಎರಡು ಗೆರೆ

ಜುಲೈ 6

ಅಪ್ಪ,

ಫೋನ್ ಮಾಡದೆ ಕಾಗದ ಬರೆದಿದ್ದಾಳೆ ಎಂದು ಗಾಬರಿಯಾಗಬೇಡ. ಫೋನಿನಲ್ಲಿ ನೀನು "ಊಟ ಆಯ್ತಾ" ಎನ್ನುತ್ತೀಯ, ನಾನು "ಆಯ್ತು" ಎನ್ನುತ್ತೇನೆ, ಆಮೇಲೆ ಇಬ್ಬರೂ ಒಬ್ಬರ ಉಸಿರು ಇನ್ನೊಬ್ಬರು ಕೇಳಿಸಿಕೊಂಡು ಇಟ್ಟುಬಿಡುತ್ತೇವೆ. ಅಮ್ಮ ಇರುವ ತನಕ ನಮ್ಮ ಮೂವರ ಮಾತನ್ನೂ ಅವಳೊಬ್ಬಳೇ ಆಡುತ್ತಿದ್ದಳು. ಕಾಗದದಲ್ಲಾದರೂ ನಾವಿಬ್ಬರು ಬಾಯಿ ಬಿಡುತ್ತೇವೇನೋ ನೋಡೋಣ.

ಹಾಸ್ಟೆಲು ಪರವಾಗಿಲ್ಲ. ಕೋಣೆಯಲ್ಲಿ ಒಂದರ ಮೇಲೊಂದು ಎರಡು ಮಂಚ. ಮೇಲಿನದು ಎರಡನೇ ವರ್ಷದ ಒಬ್ಬ ಅಕ್ಕನದು. ಒಳ್ಳೆಯವಳೇ, ಆದರೆ ಸದಾ ಕಿವಿಗೆ ತಂತಿ ಸಿಕ್ಕಿಸಿಕೊಂಡಿರುತ್ತಾಳೆ. ಮೊನ್ನೆ ಅಂಗಡಿಯವನು ಸೋಪು ಕೊಟ್ಟು "ಚೀಲ ಬೇಕಾ" ಎಂದ. ಬೇಡ ಎನ್ನಲು ಹೋದರೆ ಗಂಟಲೇ ಹೊರಡಲಿಲ್ಲ. ಬೆಳಗಿನಿಂದ ಅದನ್ನು ಬಳಸಿಯೇ ಇರಲಿಲ್ಲ.

ಈಗ ಮುಖ್ಯ ವಿಷಯ. ನಮಗೆಲ್ಲ ಒಂದು ನಿಯಮಪಟ್ಟಿ ಕೊಟ್ಟಿದ್ದಾರೆ, ವೃತ್ತಿಗೆ ತಕ್ಕ ಉಡುಪಿನದು. ನಾಲ್ಕು ಪುಟ. ವ್ಯಾಪಾರ ಎಂದರೇನು ಎಂಬ ಮೊದಲ ಪಾಠಕ್ಕೆ ಎರಡೇ ಪುಟ ಕೊಟ್ಟಿದ್ದರು, ಅಂದ ಮೇಲೆ ಯಾವುದು ಮುಖ್ಯವೆಂದು ನೀನೇ ಲೆಕ್ಕ ಹಾಕು. ಕೋಟು ಗಾಢ ಬಣ್ಣದ್ದಿರಬೇಕು, ಒಂದೇ ಬಣ್ಣದ್ದಿರಬೇಕು, ಗೆರೆ ಚೌಕ ಹೂವು ಏನೂ ಇರಬಾರದು. ಪ್ಯಾಂಟಿನ ಇಸ್ತ್ರಿಯ ಮಡಿಕೆ ಕಾಣಬೇಕು. ಬೂಟಿನ ಹಿಮ್ಮಡಿ ಎರಡು ಬೆರಳಿಗಿಂತ ಎತ್ತರ ಇರಬಾರದು. ಹಚ್ಚಿಕೊಂಡ ಸುಗಂಧ ಮೇಜಿನ ಆ ಕಡೆ ಕೂತವರಿಗೆ ತಲುಪಬಾರದು. ಪ್ರತಿ ತಿಂಗಳ ಮೊದಲ ಸೋಮವಾರ ಸಭಾಂಗಣದಲ್ಲಿ ಸಾಲಾಗಿ ನಿಲ್ಲಿಸಿ ನೋಡುತ್ತಾರೆ. ನೋಡುವ ಮೇಡಂ ಕುತ್ತಿಗೆಗೆ ಅಳತೆಯ ಟೇಪು ಹಾಕಿಕೊಂಡೇ ಓಡಾಡುತ್ತಾರೆ, ಹಾಗಾಗಿ ಟೇಪು ಮೇಡಂ ಎಂದೇ ಹೆಸರು. ಡಿಸೆಂಬರಿನಲ್ಲಿ ಕಂಪನಿಯವರು ಬರುವುದರೊಳಗೆ ಮೂರು ಸಲ ಪಾಸಾಗಿರಬೇಕು. ಆಗದಿದ್ದವರಿಗೆ ಸಂದರ್ಶನದ ಕೋಣೆಯೊಳಗೆ ಪ್ರವೇಶವಿಲ್ಲ, ಎಷ್ಟೇ ಅಂಕ ಬಂದಿರಲಿ.

ನೀನು ತಲೆ ಕೆಡಿಸಿಕೊಳ್ಳಬೇಡ. ಯಾರ ಹತ್ತಿರವಾದರೂ ಎರವಲು ಸಿಗುತ್ತದೆ. ಪಟ್ಟಿ ಓದುವಾಗ ನಿನ್ನ ಕೋಟು ನೆನಪಾಯಿತು, ಅದಕ್ಕೇ ಬರೆದೆ. ಅದನ್ನು ಒಂದು ದಿನವೂ ಮನೆಗೆ ತರಲು ಹೋಟೆಲಿನವರು ಬಿಟ್ಟಿರಲಿಲ್ಲ. ಅಲ್ಲಿನ ಹಿತ್ತಲ ಕೋಣೆಯ ಮೊಳೆಗೆ ಅದನ್ನು ತೂಗುಹಾಕಿ, ಮಾಸಿದ ಅಂಗಿಯಲ್ಲಿ ನೀನು ಮನೆಗೆ ಬಂದರೆ ನನಗೆ ಬೇಜಾರಾಗುತ್ತಿತ್ತು. ಕೋಟಿನ ಅಪ್ಪನನ್ನು ನೋಡಬೇಕೆಂದು ಅಮ್ಮನಿಗೆ ದುಂಬಾಲು ಬಿದ್ದು ಹೋಟೆಲಿನ ತನಕ ಬರುತ್ತಿದ್ದೆನಲ್ಲ.

ಇಲ್ಲಿ ಹುಡುಗಿಯರು ಅಪ್ಪ ಏನು ಮಾಡುತ್ತಾರೆ ಎಂದು ಕೇಳಿದರು. "ಹೋಟೆಲಲ್ಲಿದ್ದಾರೆ" ಎಂದೆ. ಮ್ಯಾನೇಜರ್ ಎಂದುಕೊಂಡರು. ನಾನೂ ಸುಮ್ಮನಿದ್ದೆ. ನಿನಗೆ ಏಕಾಏಕಿ ಬಡ್ತಿ ಸಿಕ್ಕಿದೆ, ಖುಷಿಪಡು.

ಕಡ್ಡಿ


ಜುಲೈ 14

ಕಡ್ಡಿ,

ನಿನ್ನ ಕಾಗದ ಬಂತು. ನಾಲ್ಕು ಸಲ ಓದಿದೆ. ಮೊದಲ ಸಲ ಓದಿದ್ದು ಮೆಟ್ಟಿಲ ಮೇಲೆ ನಿಂತು, ಒಳಗೆ ಹೋಗುವ ತನಕ ತಾಳ್ಮೆ ಇರಲಿಲ್ಲ.

ಮ್ಯಾನೇಜರ್ ಎಂದುಕೊಂಡರೆ ಎಂದುಕೊಳ್ಳಲಿ ಬಿಡು. ಮ್ಯಾನೇಜರ್ ಆದರೂ ನಾನು ಬಾಗಿಲು ತೆಗೆದ ಮೇಲೆಯೇ ಒಳಗೆ ಹೋಗಬೇಕು.

ಎರವಲು ಕೋಟು ಬೇಡ. ಬೇರೆಯವರ ಕೋಟು ಹಾಕಿಕೊಂಡವರನ್ನು ನಾನು ಹತ್ತು ಮಾರು ದೂರದಿಂದ ಗುರುತಿಸುತ್ತೇನೆ. ಅವರ ಕೈಗಳಿಗೆ ಎಲ್ಲಿರಬೇಕೆಂದು ಗೊತ್ತಿರುವುದಿಲ್ಲ. ಇಪ್ಪತ್ತಾರು ವರ್ಷ ನಾನು ಮಾಡಿದ್ದು ಇದನ್ನೇ: ಬಾಗಿಲನ್ನು ಎಡಗೈಯಿಂದ ಎಳೆದು, ಅರ್ಧ ಹೆಜ್ಜೆ ಹಿಂದೆ ಸರಿದು, ಬಂದವರ ಮುಖ ನೋಡುವುದು. ಬೂಟು ನೋಡಬಾರದು. ಬೂಟನ್ನು ಅವರು ದಾಟಿ ಹೋದ ಮೇಲೆ ಹಿಂದಿನಿಂದ ನೋಡಬೇಕು. ಮುಂಭಾಗ ಎಲ್ಲರೂ ಉಜ್ಜುತ್ತಾರೆ, ಹಿಮ್ಮಡಿ ಉಜ್ಜುವವನೇ ಬೇರೆ. ನಿಮ್ಮ ನಾಲ್ಕು ಪುಟದಲ್ಲಿ ಇದು ಇದೆಯೋ ಇಲ್ಲವೋ, ನೀನು ಹಿಮ್ಮಡಿ ಉಜ್ಜಿಕೋ.

ಕೋಟಿನ ಚಿಂತೆ ನನಗೆ ಬಿಡು. ಹೋಟೆಲಿನವರು ನಮಗೆಲ್ಲ ಹೊಸ ಸಮವಸ್ತ್ರ ಕೊಟ್ಟಿದ್ದಾರೆ. ಹಳೆಯ ಕೋಟನ್ನು ನೀನೇ ಇಟ್ಟುಕೋ ಎಂದರು. ಕಡುನೀಲಿ ಉಣ್ಣೆ, ಇನ್ನೂ ಗಟ್ಟಿಮುಟ್ಟಾಗಿದೆ. ನನ್ನ ಒಂದು ಕೋಟಿನಲ್ಲಿ ನಿನ್ನಂಥವರು ಇಬ್ಬರು ಹಿಡಿಸುತ್ತಾರೆ, ಹಾಗಾಗಿ ಬಟ್ಟೆಗೆ ಬರವಿಲ್ಲ. ಕೆಳಗಿನ ಬೀದಿಯ ಟೈಲರ್ ಬಿಚ್ಚಿ ಹೊಸದಾಗಿ ಹೊಲಿದುಕೊಡುತ್ತೇನೆ ಎಂದಿದ್ದಾನೆ. ಕೊರಳಪಟ್ಟಿಯ ಮೇಲೆ, ತೋಳುಗಳ ಮೇಲೆ ಇರುವ ಬಂಗಾರದ ಬಣ್ಣದ ಪಟ್ಟಿಗಳನ್ನು ಬಿಚ್ಚಿಬಿಟ್ಟರೆ ಒಂದೇ ಬಣ್ಣ, ನಿಮ್ಮ ನಿಯಮ ಹೇಳಿದ ಹಾಗೆ.

ಅಳತೆ ಕಳಿಸು. ಭುಜ, ತೋಳು, ಎದೆ, ಸೊಂಟ, ಉದ್ದ. ತೋಳನ್ನು ಸ್ವಲ್ಪ ಮಡಿಸಿ ಅಳೆಯಬೇಕು, ನೇರ ಹಿಡಿದು ಅಳೆದರೆ ಕೈಕುಲುಕುವಾಗ ಮೇಲೆ ಸರಿಯುತ್ತದೆ.

ಇಲ್ಲಿ ಎಲ್ಲ ಎಂದಿನಂತೆ. ಈಗ ನನ್ನ ಪಾಳಿ ಬದಲಾಗಿದೆ, ಮಧ್ಯಾಹ್ನ ಮನೆಯಲ್ಲೇ ಇರುತ್ತೇನೆ. ಕಿಟಕಿಯ ಎದುರಿನ ಗೋಡೆಗೆ ಬಣ್ಣ ಹೊಡೆಯುತ್ತಿದ್ದಾರೆ, ಅದನ್ನು ನೋಡುತ್ತೇನೆ.

ನಿನ್ನ ಅಪ್ಪ


ಆಗಸ್ಟ್ 4

ಅಪ್ಪ,

ಅಳತೆ ಇದರ ಜೊತೆಗಿದೆ. ಮೇಲಿನ ಮಂಚದ ಅಕ್ಕನ ಕಿವಿಯ ತಂತಿ ಬಿಡಿಸಿ ಅಳೆಸಿಕೊಂಡೆ. ಅಳೆಯುವಾಗ ಅವಳು "ಏನೇ, ಊಟ ಮಾಡ್ತೀಯೋ ಇಲ್ವೋ" ಎಂದಳು. ಇಲ್ಲಿಗೆ ಬಂದ ಮೇಲೆ ನನ್ನನ್ನು ಯಾರೋ ಬೈದದ್ದು ಅದೇ ಮೊದಲು. ಬಹಳ ಹಿತವಾಯಿತು.

ನಿನ್ನೆ ಮೊದಲ ಸೋಮವಾರ. ನನ್ನ ಹತ್ತಿರ ಕೋಟಿರಲಿಲ್ಲ, ಬೂದು ಬಣ್ಣದ ಸ್ವೆಟರ್ ಹಾಕಿಕೊಂಡು ನಿಂತೆ. ಟೇಪು ಮೇಡಂ ಒಬ್ಬೊಬ್ಬರ ಮುಂದೆಯೂ ನಿಂತು ಭುಜದಿಂದ ಹಿಮ್ಮಡಿಯವರೆಗೆ ನೋಡುತ್ತಾರೆ. ದನಿ ಎತ್ತುವುದಿಲ್ಲ, ಬೈಯುವುದಿಲ್ಲ. ನನ್ನ ಮುಂದೆ ಬಂದು ಪುಸ್ತಕದಲ್ಲಿ ಒಂದು ಗೀಟು ಹಾಕಿ, "ನೀವು ಆಚೆ ನಿಂತ್ಕೊಳ್ಳಿ" ಎಂದರು. ಆಚೆ ಎಂದರೆ ಸಭಾಂಗಣದ ಹೊರಗಿನ ಮೊಗಸಾಲೆ. ಅಲ್ಲಿ ನಾವು ಒಂಬತ್ತು ಜನ ಇದ್ದೆವು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಒಂಬತ್ತು ಜನ ಒಟ್ಟಿಗೆ ನಿಂತೂ ಒಬ್ಬಂಟಿಯಾಗಿರಬಹುದು ಎಂದು ನನಗೆ ಗೊತ್ತಿರಲಿಲ್ಲ.

ಅವರು ಕೆಟ್ಟವರಲ್ಲ ಅಪ್ಪ. "ಒಳಗೆ ಕೂತೋರು ನಿಮ್ಮನ್ನ ಅರ್ಧ ನಿಮಿಷ ನೋಡ್ತಾರೆ. ಆ ಅರ್ಧ ನಿಮಿಷದಲ್ಲಿ ನಿಮ್ಮ ಬಟ್ಟೆ ಬಗ್ಗೆ ಅವರಿಗೆ ಯೋಚನೆ ಬರಬಾರದು, ಅಷ್ಟೇ ನನ್ನ ಕೆಲಸ" ಎಂದು ಪಾಠದಲ್ಲಿ ಹೇಳಿದರು. ನಿನ್ನ ಮಾತಿನ ಹಾಗೇ ಇತ್ತು.

ಹೋಟೆಲಿನವರು ಕೋಟು ಬಿಟ್ಟುಕೊಟ್ಟರಾ? ಆಶ್ಚರ್ಯ. ಅಮ್ಮನ ಕಾಯಿಲೆಯ ದಿನಗಳಲ್ಲಿ ನೀನು ಕೋಟಿನಲ್ಲೇ ಆಸ್ಪತ್ರೆಗೆ ಓಡಿ ಬಂದೆ ಎಂದು ಒಂದು ದಿನದ ಸಂಬಳ ಹಿಡಿದವರು ಅವರು. ಹೊಸ ಸಮವಸ್ತ್ರ ಹೇಗಿದೆ, ಬರೆಯಲೇ ಇಲ್ಲ.

ಕಡ್ಡಿ


ಆಗಸ್ಟ್ 25

ಕಡ್ಡಿ,

ಕೋಟು ಪಾರ್ಸಲ್ ಮಾಡಿದ್ದೇನೆ. ಮೊದಲ ಸೋಮವಾರದೊಳಗೆ ಖಂಡಿತ ಬರುತ್ತದೆ ಎಂದು ಅಂಚೆಯವನ ಬಾಯಲ್ಲಿ ಎರಡು ಸಲ ಹೇಳಿಸಿದ್ದೇನೆ.

ಟೈಲರ್ ಹದಿನೈದು ದಿನ ತೆಗೆದುಕೊಂಡ. ದಿನಾ ಮಧ್ಯಾಹ್ನ ಹೋಗಿ ಅವನ ಅಂಗಡಿಯ ಮುಂದಿನ ಸ್ಟೂಲಿನ ಮೇಲೆ ಕೂರುತ್ತಿದ್ದೆ. "ಅಣ್ಣಾ, ನೀವು ಹೀಗೆ ಕೂತ್ರೆ ನನ್ನ ಕೈ ನಡುಗುತ್ತೆ" ಎಂದ. ಆದರೂ ಕೂತೆ. ಪಟ್ಟಿಗಳನ್ನು ನಾನೇ ಬಿಚ್ಚಿದೆ, ಬ್ಲೇಡಿನಿಂದ, ಒಂದೊಂದೇ ಹೊಲಿಗೆ. ತೋಳಲ್ಲಿ ಮೇಲಿನ ಸುತ್ತು ಕೆಲಸಕ್ಕೆ ಸೇರಿ ಇಪ್ಪತ್ತು ವರ್ಷ ತುಂಬಿದಾಗ ಹಾಕಿದ್ದು, ಕೆಳಗಿನದು ಹತ್ತು ತುಂಬಿದಾಗ. ಎರಡೂ ತೋಳಿಗೂ ಸೇರಿ ಅರ್ಧ ದಿನ ಹಿಡಿಯಿತು.

ಬಿಚ್ಚಿದ ಮೇಲೆ ಟೈಲರ್ ಒಂದು ಮಾತೆತ್ತಿದ. "ಪಟ್ಟಿ ಇದ್ದ ಜಾಗ ಸ್ವಲ್ಪ ಬೇರೆ ಕಾಣಬಹುದು, ನೋಡ್ಕೊಳ್ಳಿ" ಎಂದ. ಅವನ ಅಂಗಡಿಯ ದೀಪವೂ ಮಂಕು, ನಮ್ಮ ಕೋಣೆಗೆ ಬಿಸಿಲೇ ಬರುವುದಿಲ್ಲ, ನಿನಗೆ ಗೊತ್ತಲ್ಲ. ಅದಕ್ಕೆ ಸಂಜೆ ಕೋಟನ್ನು ಹೋಟೆಲಿನ ಮುಂದಿನ ದೀಪದ ಕೆಳಗೆ ತೆಗೆದುಕೊಂಡು ಹೋಗಿ ನೋಡಿದೆ. ಇಪ್ಪತ್ತಾರು ವರ್ಷ ಬಂದವರ ಬಟ್ಟೆಯ ಗುಣ ದೋಷ ಎಲ್ಲ ನಾನು ಅಳೆದದ್ದು ಆ ದೀಪದಲ್ಲೇ. ತಿರುಗಿಸಿ ಮುರುಗಿಸಿ ನೋಡಿದೆ. ಎಳ್ಳಷ್ಟೂ ವ್ಯತ್ಯಾಸ ಕಾಣಲಿಲ್ಲ. ಒಂದೇ ಬಣ್ಣ.

ಬ್ರಷ್ಷನ್ನು ಮೇಲಿನಿಂದ ಕೆಳಕ್ಕೆ ಮಾತ್ರ ಎಳೆ. ಕಲೆಯಾದರೆ ಉಜ್ಜಬೇಡ, ಒದ್ದೆ ಬಟ್ಟೆಯಿಂದ ತಟ್ಟು. ಮೊಳೆಗೆ ತೂಗುಹಾಕಬೇಡ, ಕತ್ತಿನ ಹತ್ತಿರ ಮೂಗಿನ ಹಾಗೆ ಉಬ್ಬು ಬರುತ್ತದೆ. ಅಗಲದ ಹ್ಯಾಂಗರ್ ಜೊತೆಗೇ ಕಟ್ಟಿದ್ದೇನೆ.

ಮೇಡಂ ಏನೆಂದರು ಎಂದು ಬರೆ. ಅವರ ಮಾತನ್ನು ಅವರು ಹೇಳಿದ ಹಾಗೇ ಬರೆ.

ನಿನ್ನ ಅಪ್ಪ


ಸೆಪ್ಟೆಂಬರ್ 8

ಅಪ್ಪನಿಗೆ,

ಕೋಟು ಬಂತು. ಅಳತೆ ಸರಿಯಾಗಿದೆ. ನಿನ್ನೆ ಹಾಕಿಕೊಂಡಿದ್ದೆ. ಮೇಡಂ ಚೆನ್ನಾಗಿದೆ ಎಂದರು. ಪಾಸಾದೆ.

ಪರೀಕ್ಷೆಗಳು ಶುರುವಾಗುತ್ತಿವೆ. ಓದುವುದು ಬಹಳ ಇದೆ. ಆರೋಗ್ಯ ನೋಡಿಕೋ.

ಮಗಳು


ಸೆಪ್ಟೆಂಬರ್ 15

ಕಡ್ಡಿ,

ಪಾಸಾದೆ ಎಂದು ಓದಿ ನೇರ ಟೈಲರ್ ಹತ್ತಿರ ಹೋದೆ. ಅವನು ಮೂಗು ಮುರಿದು "ನಾನು ಹೊಲಿದಿದ್ದು ಫೇಲಾಗುತ್ತಾ" ಎಂದ. ಗೆರೆ ಕಾಣಬಹುದು ಎಂದು ಅಪಶಕುನ ನುಡಿದವನು ತಾನೇ ಎಂಬುದು ಮರೆತೇ ಹೋಗಿತ್ತು. ಇಬ್ಬರೂ ಚಹಾ ಕುಡಿದೆವು.

"ಮಗಳು" ಎಂದು ಸಹಿ ಮಾಡಿದ್ದೀಯ. ಕೋಟು ಹಾಕಿಕೊಂಡ ಮೇಲೆ ಕಡ್ಡಿ ಅನ್ನುವುದು ಚಿಕ್ಕದಾಯಿತೇನೋ. ಆಗಲಿ, ಬೆಳೆದವರು ಬೆಳೆದ ಹಾಗೆ ಸಹಿ ಮಾಡಬೇಕು. ಆದರೆ ನಾನು ಕಡ್ಡಿ ಎಂದೇ ಬರೆಯುತ್ತೇನೆ, ನನಗೆ ಬೇರೆ ಅಭ್ಯಾಸವಿಲ್ಲ.

ಚೆನ್ನಾಗಿದೆ ಎಂದಷ್ಟೇ ಅಂದರಾ? ಭುಜದ ಬಗ್ಗೆ ಏನೂ ಹೇಳಲಿಲ್ಲವೇ? ಭುಜ ಕೂರಿಸಲು ಟೈಲರ್ ಮೂರು ಸಲ ಬಿಚ್ಚಿದ್ದ. ಪರೀಕ್ಷೆ ಮುಗಿದ ಮೇಲೆ ವಿವರವಾಗಿ ಬರೆ. ಒಂದು ಫೋಟೊ ತೆಗೆಸಿ ಕಳಿಸಿದರೆ ಇನ್ನೂ ಒಳ್ಳೆಯದು, ನಿಂತಿರುವುದು, ಕೈಗಳು ಕಾಣುವ ಹಾಗೆ.

ನಿನ್ನೆ ಒಬ್ಬಳು ಹುಡುಗಿ ಹೋಟೆಲಿಗೆ ಬಂದಳು, ನಿನ್ನಷ್ಟೇ ಎತ್ತರ, ನೀಲಿ ಕೋಟು. ಎದುರಿನ ಫುಟ್‌ಪಾತಿನಿಂದ ನೋಡಿದರೆ ನೀನೇ ಅನ್ನಿಸಿತು. ಬಾಗಿಲಿನ ಮುಂದೆ ಒಂದು ಕ್ಷಣ ನಿಂತು ಕೂದಲು ಸರಿಮಾಡಿಕೊಂಡು ಒಳಗೆ ಹೋದಳು. ಹಿಮ್ಮಡಿ ಉಜ್ಜಿರಲಿಲ್ಲ.

ನಿನ್ನ ಅಪ್ಪ


ನವೆಂಬರ್ 9

ಕಡ್ಡಿ,

ಎಂಟು ವಾರವಾಯಿತು, ನಿನ್ನ ಕಾಗದವಿಲ್ಲ. ನಾನು ಏನನ್ನೂ ಕೇಳುತ್ತಿಲ್ಲ. ಓದು ಹೆಚ್ಚಿರುತ್ತದೆ, ನನಗೆ ಗೊತ್ತು. ಎರಡು ಸಲ ಫೋನ್ ಮಾಡಿದಾಗ ನೀನು "ಕ್ಲಾಸಲ್ಲಿದೀನಿ" ಎಂದೆ. ಎರಡನೇ ಸಲ ಭಾನುವಾರವಿತ್ತು. ಭಾನುವಾರವೂ ಪಾಠ ಮಾಡುತ್ತಾರಲ್ಲ, ಒಳ್ಳೆಯ ಕಾಲೇಜು.

ನನ್ನ ಬಿಳಿ ಕೈಗವಸು ಒಂದು ಜೊತೆ ಪೆಟ್ಟಿಗೆಯಲ್ಲಿ ಸಿಕ್ಕಿತು. ನಿನಗೆ ದೊಡ್ಡದಾಗುತ್ತದೆ. ಬೆಳ್ಳಗಿದೆ, ಇಟ್ಟುಕೊಂಡಿದ್ದೇನೆ.

ಎದುರಿನ ಗೋಡೆಗೆ ಬಣ್ಣ ಹೊಡೆದು ಮುಗಿಯಿತು. ಈಗ ನೋಡಲು ಏನೂ ಇಲ್ಲ.

ನಾನು ಏನಾದರೂ ತಪ್ಪು ಬರೆದಿದ್ದರೆ ಹೇಳು.

ಅಪ್ಪ


ಡಿಸೆಂಬರ್ 8

ಅಪ್ಪ,

ಈ ಕಾಗದವನ್ನು ಮೂರು ತಿಂಗಳಿನಿಂದ ಬರೆಯುತ್ತಿದ್ದೇನೆ. ಪ್ರತಿ ಸಲವೂ ಎರಡನೇ ಸಾಲಿಗೆ ನಿಲ್ಲುತ್ತಿತ್ತು. ಇವತ್ತು ನಿಲ್ಲಿಸುವುದಿಲ್ಲ. ನೀನು ಕೂತುಕೊಂಡು ಓದು, ಮೆಟ್ಟಿಲ ಮೇಲೆ ಬೇಡ.

ನಾನು ಸೆಪ್ಟೆಂಬರಿನಲ್ಲಿ ಪಾಸಾಗಲಿಲ್ಲ.

ಪಾರ್ಸಲ್ ಬಿಚ್ಚಿದಾಗ ಕೋಣೆಯ ಬಲ್ಬಿನಲ್ಲಿ ಏನೂ ಕಾಣಲಿಲ್ಲ. ಸೋಮವಾರ ಬೆಳಿಗ್ಗೆ ಹಾಕಿಕೊಂಡು ಹೊರಟಾಗ ತೋಳಿನ ಮೇಲೆ ಏನೋ ಇದೆ ಅನ್ನಿಸಿತು, ಮಡಿಕೆಯ ಗುರುತು ಎಂದುಕೊಂಡೆ. ನಮ್ಮ ಸಭಾಂಗಣದಲ್ಲಿ ಬಿಳಿ ಟ್ಯೂಬುಲೈಟುಗಳಿವೆ, ಇಪ್ಪತ್ತೋ ಮೂವತ್ತೋ. ಅಲ್ಲಿ ನಿಂತ ತಕ್ಷಣ ಗೆರೆಗಳೆಲ್ಲ ಎದ್ದು ಕಂಡವು. ಇಪ್ಪತ್ತಾರು ವರ್ಷದ ಬಿಸಿಲಿಗೆ ಕೋಟಿನ ನೀಲಿ ತಿಳಿಯಾಗಿದೆ ಅಪ್ಪ. ಪಟ್ಟಿಯ ಅಡಿ ಇದ್ದ ಜಾಗ ಮಾತ್ರ ಅದಕ್ಕಿಂತ ಗಾಢವಾಗಿ ಉಳಿದಿದೆ. ಎರಡೂ ತೋಳಿನ ಮೇಲೆ ಎರಡೆರಡು ಸುತ್ತು, ಕೊರಳಪಟ್ಟಿಯ ಅಂಚಿಗೆ ಒಂದು. ಯಾರೋ ಪೆನ್ನಿನಲ್ಲಿ ಬರೆದ ಹಾಗಿತ್ತು.

ಮೇಡಂ ಗೆರೆಯ ಮೇಲೆ ಬೆರಳಾಡಿಸಿ "ಇದು ಯಾರದು?" ಎಂದರು. ಹಿಂದಿನಿಂದ ಯಾರೋ "ಬ್ಯಾಂಡ್‌ಸೆಟ್ಟಿನವರದು" ಎಂದರು. ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ, ಕಾಯುತ್ತಾ ನಿಂತರು. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು, ಮೂರೇ ಪದ. ನಾನು ಹೇಳಿದ್ದು ಬೇರೆ. "ಗೊತ್ತಿಲ್ಲ ಮೇಡಂ, ಹಳೇ ಬಟ್ಟೆ ಅಂಗಡೀಲಿ ತಗೊಂಡೆ" ಎಂದೆ.

ಗೊತ್ತಿಲ್ಲ ಎಂದೆ ಅಪ್ಪ. ನಿನ್ನ ಕೋಟು ಹಾಕಿಕೊಂಡು, ನಿನ್ನನ್ನು ಗೊತ್ತಿಲ್ಲ ಎಂದೆ. ಆವತ್ತಿನಿಂದ ನನಗೆ ನನ್ನ ಮುಖ ನೋಡಿಕೊಳ್ಳಲು ನಾಚಿಕೆಯಾಗುತ್ತಿದೆ. ಅದಕ್ಕೇ "ಮಗಳು" ಎಂದು ಸಹಿ ಮಾಡಿದೆ. ಕಡ್ಡಿ ಎಂದು ಬರೆಯಲು ಕೈ ಬರಲಿಲ್ಲ.

ಕೋಟನ್ನು ಮಡಿಸಿ ಪೆಟ್ಟಿಗೆಯ ಅಡಿಗೆ ಹಾಕಿದೆ, ನಿನ್ನ ಹ್ಯಾಂಗರ್ ಖಾಲಿ ನೇತಾಡುತ್ತಿತ್ತು. ಅಕ್ಟೋಬರ್, ನವೆಂಬರ್ ಎರಡೂ ಸಲ ಮೇಲಿನ ಮಂಚದ ಅಕ್ಕನ ಕೋಟು ಹಾಕಿಕೊಂಡು ಪಾಸಾದೆ. ಅವಳಿಗೆ ಆಗಲೇ ಕೆಲಸ ಸಿಕ್ಕಿದೆ, ಕೋಟು ಸುಮ್ಮನೆ ಬಿದ್ದಿತ್ತು. ನೀನು ಹೇಳಿದ್ದು ನಿಜ. ನನ್ನ ಕೈಗಳಿಗೆ ಎಲ್ಲಿರಬೇಕೆಂದು ಗೊತ್ತಾಗಲಿಲ್ಲ.

ಇನ್ನೊಂದು ಪಾಸು ಬೇಕಿತ್ತು. ನಿನ್ನೆ ಡಿಸೆಂಬರಿನ ಮೊದಲ ಸೋಮವಾರ. ಬೆಳಿಗ್ಗೆ ಮೇಡಂ ನೋಡುವುದು, ಅದು ಮುಗಿದ ಮೇಲೆ ಅದೇ ಸಭಾಂಗಣದಲ್ಲಿ ಕಂಪನಿಯವರು. ಭಾನುವಾರ ಮಧ್ಯಾಹ್ನ ನಿನ್ನ ಕಾಗದಗಳನ್ನೆಲ್ಲ ಹಾಸಿಗೆಯ ಮೇಲೆ ಹರಡಿಕೊಂಡು ಓದಿದೆ. ಹೊಸ ಸಮವಸ್ತ್ರದ ಬಗ್ಗೆ ಮತ್ತೆ ಒಂದು ಸಾಲೂ ಇಲ್ಲ. ಮಧ್ಯಾಹ್ನ ಟೈಲರ್ ಅಂಗಡಿ, ಸಂಜೆ ಹೋಟೆಲಿನ ಹೊರಗಿನ ದೀಪ. ಹೋಟೆಲಿಗೆ ಬಂದ ಹುಡುಗಿಯನ್ನು ಎದುರಿನ ಫುಟ್‌ಪಾತಿನಿಂದ ನೋಡಿದೆ ಎಂದು ಬರೆದಿದ್ದೀಯ. ಅವಳಿಗೆ ಬಾಗಿಲು ಯಾರು ತೆಗೆದರು ಎಂದು ಬರೆದಿಲ್ಲ. 

ಹೋಟೆಲಿಗೆ ಫೋನ್ ಮಾಡಿದೆ. "ಬಾಗಿಲ ಹತ್ರ ಇರ್ತಾರಲ್ಲ, ಎತ್ತರ ಇದಾರೆ, ಅವರನ್ನ ಒಂಚೂರು ಕರೀತೀರಾ" ಎಂದೆ. ಆ ಕಡೆಯ ಹುಡುಗಿ "ಬಾಗಿಲ ಹತ್ರ ಯಾರೂ ಇಲ್ವಲ್ಲ ಮೇಡಂ, ನಮ್ಮಲ್ಲಿ ಬಾಗಿಲು ತಾನಾಗೇ ತೆರೆಯುತ್ತೆ" ಎಂದಳು. ಯಾವಾಗಿನಿಂದ ಎಂದೆ. "ಜೂನ್‌ನಿಂದ. ಯಾಕೆ, ಏನಾದ್ರೂ ಕಂಪ್ಲೇಂಟಾ?" ಎಂದಳು. ಇಲ್ಲ ಎಂದು ಇಟ್ಟೆ.

ಜೂನ್ ಅಪ್ಪ. ನನ್ನನ್ನು ಬಸ್ಸು ಹತ್ತಿಸಿದ ತಿಂಗಳು. ನಾನು ನಿನಗೆ ತಮಾಷೆಗೆ ಬಡ್ತಿ ಕೊಡುತ್ತಿದ್ದಾಗ ನಿನಗೆ ಕೆಲಸವೇ ಇರಲಿಲ್ಲ. ಆ ಕೋಟನ್ನು ತೊಡುವವರು ಇನ್ನು ಯಾರೂ ಇಲ್ಲವಾದ್ದರಿಂದ ಅವರು ನಿನಗೆ ಬಿಟ್ಟುಕೊಟ್ಟರು. ನೀನು ಅದನ್ನು ಬಿಚ್ಚಿ ನನಗೆ ಹೊಲಿಸಿದೆ. ನಾನು ಗೊತ್ತಿಲ್ಲ ಎಂದೆ.

ಪೆಟ್ಟಿಗೆಯಿಂದ ತೆಗೆದೆ. ಮೇಲಿನಿಂದ ಕೆಳಕ್ಕೆ ಬ್ರಷ್ ಮಾಡಿದೆ. ಬೆಳಿಗ್ಗೆ ಅಕ್ಕ ಮಂಚದ ಮೇಲಿನಿಂದಲೇ ತನ್ನ ಕೋಟು ಚಾಚಿದಳು. "ಹುಚ್ಚಾಟ ಆಡ್ಬೇಡ, ಇವತ್ತೊಂದಿನ ಹಾಕ್ಕೋ" ಎಂದಳು. ನಾನು ನಿನ್ನದನ್ನೇ ಹಾಕಿಕೊಂಡೆ.

ಮೇಡಂ ನನ್ನ ಮುಂದೆ ನಿಂತರು. ಅವರು ಕೇಳುವ ಮೊದಲೇ ಹೇಳಿದೆ. "ಮೇಡಂ, ಇದು ನಮ್ಮಪ್ಪನದು. ಹೋಟೆಲ್ ಬಾಗಿಲಲ್ಲಿ ಇಪ್ಪತ್ತಾರು ವರ್ಷ ನಿಂತಿದ್ದರು. ಕೆಳಗಿನ ಗೆರೆ ಹತ್ತು ವರ್ಷಕ್ಕೆ, ಮೇಲಿನದು ಇಪ್ಪತ್ತಕ್ಕೆ. ಅವತ್ತು ಅಂಗಡಿಯದು ಅಂದಿದ್ದು ಸುಳ್ಳು."  ಈ ಸಲ ನನ್ನ ಕೈಗಳು ಸರಿಯಾದ ಜಾಗದಲ್ಲಿದ್ದವು. ಮೇಡಂ ಎರಡೂ ತೋಳನ್ನು ತಿರುಗಿಸಿ ನೋಡಿದರು. ಆಮೇಲೆ ಮೆಲ್ಲಗೆ, "ನಿನಗೊಬ್ಬಳಿಗೆ ಬಿಟ್ಟರೆ, ಆಚೆ ಕಳಿಸಿದ ಉಳಿದ ಎಂಟು ಜನಕ್ಕೆ ನಾನೇನು ಹೇಳ್ಲಿ?" ಎಂದು ಗೀಟು ಹಾಕಿದರು. ಅದುವರೆಗೂ ಬಹುವಚನದಲ್ಲಿ ಮಾತಾಡಿಸಿದವರು ಮೊದಲ ಸಲ "ನಿನಗೆ" ಎಂದರು.

ಆಚೆ ಬಂದು ನಿಂತೆ. ಉಳಿದವರು ಹಾಸ್ಟೆಲಿಗೆ ಹೋದರು, ನನಗೆ ಹೋಗಲು ಮನಸ್ಸಾಗಲಿಲ್ಲ. ಕಂಪನಿಯವರು ಬಂದರು. ನಮ್ಮ ಸಭಾಂಗಣದ ಬಾಗಿಲು ಭಾರ, ಎಲ್ಲರೂ ಅದನ್ನು ಭುಜದಿಂದ ನೂಕಿ ಒದ್ದಾಡುತ್ತಾರೆ. ಅವರ ಕೈಯಲ್ಲಿ ಚೀಲ, ಕಾಗದದ ಕಟ್ಟು. ನನಗೇ ಗೊತ್ತಿಲ್ಲದೆ ನನ್ನ ಎಡಗೈ ಬಾಗಿಲಿನ ಹಿಡಿಗೆ ಹೋಯಿತು. ಎಳೆದೆ, ಅರ್ಧ ಹೆಜ್ಜೆ ಹಿಂದೆ ಸರಿದೆ, ಮುಖ ನೋಡಿದೆ. ಆಮೇಲೆ ನನ್ನ ತರಗತಿಯವರು ಒಬ್ಬೊಬ್ಬರಾಗಿ ಬಂದರು. ಬ್ಯಾಂಡ್‌ಸೆಟ್ ಎಂದವಳೂ ಬಂದಳು. ಎಲ್ಲರಿಗೂ ತೆಗೆದೆ. ಕೊನೆಗೆ ಮೇಡಂ. ಅವರು ಹೊಸ್ತಿಲ ಮೇಲೆ ಒಂದು ಕ್ಷಣ ನಿಂತು "ಥ್ಯಾಂಕ್ಸ್" ಎಂದು ಒಳಗೆ ಹೋದರು. ದಾಟಿ ಹೋದ ಮೇಲೆ ನೋಡಿದೆ. ಹಿಮ್ಮಡಿ ಉಜ್ಜಿದ್ದರು.

ಊಟದ ಹೊತ್ತಿಗೆ ಕಂಪನಿಯವರೊಬ್ಬರು ಹೊರಗೆ ಬಂದು "ನಿಮ್ಮ ಸರದಿ ಯಾವಾಗ?" ಎಂದರು. ಪಟ್ಟಿಯಲ್ಲಿಲ್ಲ ಎಂದೆ. "ಓಹೋ" ಎಂದು ಊಟಕ್ಕೆ ಹೋದರು. ಅಷ್ಟೇ. ಕಥೆಗಳಲ್ಲಿ ಆಗುವ ಹಾಗೆ ಏನೂ ಆಗಲಿಲ್ಲ.

ಇನ್ನೊಂದು ಅವಕಾಶ ಏಪ್ರಿಲಿನಲ್ಲಿದೆ. ಅಷ್ಟರೊಳಗೆ ಇನ್ನೊಂದು ಪಾಸು ಬೇಕು. ಕೋಟಿಗೆ ಕಪ್ಪು ಬಣ್ಣ ಹಾಕಿಸು ಎನ್ನುತ್ತಾಳೆ ಅಕ್ಕ. ನಾನು ಹಾಕಿಸುವುದಿಲ್ಲ. ಏನು ಮಾಡಬೇಕೆಂದು ಮಾತ್ರ ತೋಚುತ್ತಿಲ್ಲ.

ನನ್ನ ಮೇಲೆ ಸಿಟ್ಟು ಬಂದಿದ್ದರೆ ಬಂದಿದೆ ಎಂದೇ ಬರೆ. ಆದರೆ ಬರೆ.

ಕಡ್ಡಿ


ಡಿಸೆಂಬರ್ 15

ಕಡ್ಡಿ,

ಸಿಟ್ಟು ಬಂದಿದೆ. ನಿನ್ನ ಮೇಲಲ್ಲ, ಆ ದೀಪದ ಮೇಲೆ.

ಹೋಟೆಲಿನ ಮುಂದಿನ ದೀಪ ಹಳದಿ. ಅದರ ಕೆಳಗೆ ಹಳೆಯದೂ ಹೊಸದೂ ಒಂದೇ ಹಾಗೆ ಕಾಣುತ್ತವೆ, ಬಂದವರೆಲ್ಲ ಚೆನ್ನಾಗಿ ಕಾಣಲಿ ಎಂದೇ ಅದನ್ನು ಹಾಕಿರುತ್ತಾರೆ. ಇಪ್ಪತ್ತಾರು ವರ್ಷ ಅದರಡಿ ನಿಂತ ನನಗೆ ಇಷ್ಟು ಹೊಳೆಯಲಿಲ್ಲ. ಅಂಗಡಿಯಿಂದ ಹತ್ತು ಹೆಜ್ಜೆ ನಡೆದು ಬೀದಿಯ ಬಿಸಿಲಿಗೆ ಹಿಡಿದಿದ್ದರೆ ಸಾಕಿತ್ತು. ನನ್ನ ತಪ್ಪಿಗೆ ನೀನು ಎಲ್ಲರ ಮುಂದೆ ನಿಂತೆ.

ಆ ಸಂಜೆಯ ವಿಷಯ ಪೂರ್ತಿ ಬರೆದಿರಲಿಲ್ಲ, ಈಗ ಬರೆಯುತ್ತೇನೆ. ಕೋಟು ಹಿಡಿದುಕೊಂಡು ದೀಪದಡಿ ನಿಂತೆನಲ್ಲ, ಯಾರೋ ಬಂದರೆಂದು ಆ ಗಾಜಿನ ಬಾಗಿಲು ತೆರೆದುಕೊಂಡಿತು. ನಾನು ಹಿಂದೆ ಸರಿದೆ, ಮುಚ್ಚಿಕೊಂಡಿತು. ತೋಳು ನೋಡಲು ಮುಂದೆ ಬಂದೆ, ಮತ್ತೆ ತೆರೆದುಕೊಂಡಿತು. ಅಷ್ಟು ವರ್ಷದಲ್ಲಿ ಆ ಬಾಗಿಲು ನನಗೆಂದು ತೆರೆದದ್ದು ಅದೇ ಮೊದಲು. ನಾನು "ಕ್ಷಮಿಸಿ" ಎಂದೆ, ಬಾಗಿಲಿಗೆ. ಒಳಗಿನಿಂದ ಹೊಸ ಹುಡುಗಿಯೊಬ್ಬಳು "ಯಾರು ಬೇಕಿತ್ತು?" ಎಂದಳು. ಯಾರೂ ಬೇಡ ಎಂದು ಬಂದುಬಿಟ್ಟೆ. ನಾನೂ ಗೊತ್ತಿಲ್ಲ ಎಂದವನೇ ಕಡ್ಡಿ. ಇಷ್ಟು ವರ್ಷ ಇಲ್ಲೇ ಇದ್ದೆ ಎಂದು ಹೇಳಲು ನನಗೂ ಬಾಯಿ ಬರಲಿಲ್ಲ. ಹಾಗಾಗಿ ನಾವಿಬ್ಬರೂ ಸಮ.

ಕೆಲಸ ಹೋದದ್ದನ್ನು ಮುಚ್ಚಿಟ್ಟದ್ದು ನೀನು ಓದು ಬಿಟ್ಟು ಬರುತ್ತೀಯ ಎಂಬ ಹೆದರಿಕೆಗೆ. ಈಗ ಟೈಲರ್ ಅಂಗಡಿಯಲ್ಲಿ ಗುಂಡಿ ಹಾಕುತ್ತೇನೆ, ಕಾಜಾ ಹೊಲಿಯುತ್ತೇನೆ. ದಿನಾ ಬಂದು ಕೂರುವವನಿಗೆ ಅವನು ಸೂಜಿ ಕೊಟ್ಟ. ಮಾತಿಗೆ ಜನ ಸಿಕ್ಕಂತಾಯಿತು.

ನಿನ್ನ ಕಾಗದವನ್ನು ಅವನಿಗೂ ಓದಿ ಹೇಳಿದೆ. ಬೇಸರ ಮಾಡಿಕೊಳ್ಳಬೇಡ, ಗೆರೆಯ ಭಾಗ ಮಾತ್ರ. ಬಾಗಿಲಿನ ಭಾಗ ನಾನೊಬ್ಬನೇ ಓದಿಕೊಂಡೆ, ಅದನ್ನು ಯಾರಿಗೂ ಕೊಡುವುದಿಲ್ಲ. ಅವನು ಹಣೆ ಚಚ್ಚಿಕೊಂಡು, "ಅಣ್ಣಾ, ಅದಕ್ಕ್ಯಾಕೆ ಅಷ್ಟು ಯೋಚನೆ, ಬಟ್ಟೆ ಮಗುಚಿ ಹೊಲಿಯೋಣ" ಎಂದ. ಉಣ್ಣೆಯ ಬಟ್ಟೆಗೆ ಎರಡು ಮುಖ. ಒಳಗಿನ ಮುಖ ಇಪ್ಪತ್ತಾರು ವರ್ಷ ಲೈನಿಂಗಿನ ಹಿಂದೆ ಇತ್ತು, ಬಿಸಿಲು ಕಂಡಿಲ್ಲ. ಪೂರ್ತಿ ಬಿಚ್ಚಿ ಒಳಗಿನದನ್ನು ಹೊರಗೆ ಮಾಡಿದರೆ ಹೊಸ ಕೋಟು, ಕಡುನೀಲಿ, ಒಂದೇ ಬಣ್ಣ. ಈ ಸಲ ಹಗಲ ಬೆಳಕಿನಲ್ಲಿ ನೋಡಿಯೇ ಕೊಡುತ್ತೇವೆ. ನಿನ್ನ ಮೇಡಂಗೆ ಗೀಟು ಹಾಕಲು ಏನೂ ಸಿಗುವುದಿಲ್ಲ. ಅವರ ಕೆಲಸ ಅವರು ಸರಿಯಾಗಿಯೇ ಮಾಡಿದ್ದಾರೆ.

ಗೆರೆಗಳು ಎಲ್ಲಿಗೂ ಹೋಗುವುದಿಲ್ಲ. ಒಳಗಡೆ ಇರುತ್ತವೆ, ನಿನ್ನ ತೋಳಿನ ಕಡೆಗೆ. ನಿನಗೊಬ್ಬಳಿಗೆ ಗೊತ್ತಿರುತ್ತದೆ.

ಕೋಟನ್ನು ಪಾರ್ಸಲ್ ಮಾಡಬೇಡ. ರಜೆ ಶುರುವಾದ ದಿನವೇ ತೊಟ್ಟುಕೊಂಡು ಬಾ, ಗೆರೆ ಕಾಣುವ ಹಾಗೆಯೇ. ನೀನು ಅದನ್ನು ತೊಟ್ಟು ನಿಂತದ್ದನ್ನು ಒಂದು ಸಲ ನಾನೂ ನೋಡಬೇಕು. ನಮ್ಮ ಕೋಣೆಯ ಬಾಗಿಲು ತಾನಾಗಿ ತೆರೆಯುವುದಿಲ್ಲ, ತಟ್ಟು. ನಾನು ತೆಗೆಯುತ್ತೇನೆ.

ನಿನ್ನ ಅಪ್ಪ